ಕೆಮ್ಮಣ್ಣಿನ ಗೀಟು

ಲಿಂಗಸುಗೂರಿನ ಧರ್ಮ ದವಾಖಾನೆಯಲ್ಲಿ ನಮ್ಮ ಜನರಿಗೆಂದೇ ಒಂದು ಕೋಲು ಇತ್ತು. ಎರಡು ಮೊಳ ಉದ್ದದ್ದು. ತುದಿಗೆ ದಾರ ಸುತ್ತಿ ಒಂದು ಸೂಜಿ ಬಿಗಿದಿದ್ದರು. ಕಾಂಪೌಂಡರ್ ಜಂಬಣ್ಣ ಪಡಸಾಲೆಯ ಮೇಲೆ ನಿಂತು ಅದನ್ನು ಹಿಡಿಯುತ್ತಿದ್ದ. ನಮ್ಮವರು ಮೆಟ್ಟಿಲ ಕೆಳಗೆ ನಿಂತು ಮುಖ ಎತ್ತಬೇಕಿತ್ತು.

ದವಾಖಾನೆಯನ್ನು ನಡೆಸುತ್ತಿದ್ದವರು ಊರಿನ ವ್ಯಾಪಾರಿಗಳು. ಗೋಡೆಯ ಮೇಲೆ ಕನ್ನಡದಲ್ಲೂ ಉರ್ದುವಿನಲ್ಲೂ 'ಎಲ್ಲರಿಗೂ ಉಚಿತ' ಎಂದು ಬರೆಸಿದ್ದರು. ಔಷಧ ಉಚಿತವೇ ಇತ್ತು. ಡಾಕ್ಟರ ಕೈ ಮಾತ್ರ ಎಲ್ಲರಿಗೂ ಸಿಗುತ್ತಿರಲಿಲ್ಲ.

೧೯೫೫ರ ಆಷಾಢದಲ್ಲಿ ಮಸ್ಕಿಯ ಮಾದಿಗರ ಕೇರಿಯ ಗಾಳೆಮ್ಮ ಆ ಮೆಟ್ಟಿಲ ಕೆಳಗೆ ಬಂದು ನಿಂತಳು. ನಲವತ್ತರ ಹೆಂಗಸು. ಬಲಗಡೆಯ ಕೆನ್ನೆ ಊದಿತ್ತು. ಬಲ ಮೂಗಿನಿಂದ ನಾಲ್ಕು ತಿಂಗಳಿಂದ ರಕ್ತ ಬರುತ್ತಿತ್ತು. ಬಲಗಣ್ಣಿನಲ್ಲಿ ಸುಮ್ಮಸುಮ್ಮನೆ ನೀರು. ಜೊತೆಗೆ ಗಂಡ ನರಸಣ್ಣ ಇದ್ದ.

"ಕಣ್ಣು ಮುಚ್ಚು," ಎಂದ ಜಂಬಣ್ಣ.

"ಮುಚ್ಚೀನ್ರಿ."

"ಚುಚ್ಚಿದ್ದು ಗೊತ್ತಾತೇನು?"

"ಯಾವಾಗ ಚುಚ್ಚಿದ್ರಿ?"

ನರಸಣ್ಣ ನೋಡುತ್ತಿದ್ದ. ಸೂಜಿ ಕೆನ್ನೆಯೊಳಗೆ ಅರ್ಧ ಹೋಗಿತ್ತು. ರಕ್ತದ ಒಂದು ಹನಿ ಮೂಡಿ ಗದ್ದಕ್ಕೆ ಇಳಿಯುತ್ತಿತ್ತು. ಗಾಳೆಮ್ಮನ ಮುಖ ಅಲುಗಲಿಲ್ಲ.

ಜಂಬಣ್ಣ ಒಳಗೆ ತಿರುಗಿ ಕೂಗಿದ. "ಡಾಕ್ಟ್ರ, ಕೆನ್ನಿ ಸತ್ತದ್ರಿ. ಮೂಗೂ ಬಾತದ."

ಡಾಕ್ಟರು ಮೇಜಿನ ಹಿಂದೆ ಕೂತಿದ್ದರು. ಕಿಟಕಿಯಿಂದ ಒಮ್ಮೆ ನೋಡಿದರು. ಎದ್ದು ಬರಲಿಲ್ಲ. ಒಂದು ಕಾಗದ ಬರೆದು ಮಡಚಿ ಲಕೋಟೆಗೆ ಹಾಕಿದರು. ಜಂಬಣ್ಣ ಅದನ್ನು ಮೆಟ್ಟಿಲ ಮೇಲೆ ಇಟ್ಟ. ಕೈಯಿಂದ ಕೈಗೆ ಕೊಡಲಿಲ್ಲ.

"ನಿಮ್ಮೂರ ಪೊಲೀಸ್ ಪಟೇಲಗ ಕೊಡು."

ನರಸಣ್ಣನಿಗೆ ಓದು ಬರುತ್ತಿರಲಿಲ್ಲ. ಔಷಧಕ್ಕೆ ಸಂಬಂಧಪಟ್ಟದ್ದು ಎಂದುಕೊಂಡು ಲಕೋಟೆಯನ್ನು ರುಮಾಲಿನ ಮಡಿಕೆಯಲ್ಲಿ ಜತನವಾಗಿ ಇಟ್ಟುಕೊಂಡ. ಬಸ್ಸಿನಲ್ಲಿ ಬರುವಾಗ ಬೆವರು ತಾಗೀತೆಂದು ಎರಡು ಸಲ ತೆಗೆದು ಗಾಳಿಗೆ ಹಿಡಿದ. ಮಸ್ಕಿಗೆ ಬಂದವನೇ ಪಟೇಲ ಅಮರಗುಂಡಪ್ಪನ ಕಟ್ಟೆಯ ಮೇಲೆ ಅದನ್ನಿಟ್ಟು ಕೈಮುಗಿದ.

ಅಮರಗುಂಡಪ್ಪ ಓದಿ, ಕಾಗದವನ್ನು ತೊಡೆಯ ಮೇಲಿಂದ ಕೆಳಗೆ ಜಾರಿಸಿದ.

"ಏ ನರಸ್ಯಾ, ಆ ಕಡೆ ಸರಿ. ನಿನ್ನ ಹೆಂಡ್ತಿಗೆ ದೊಡ್ಡ ರೋಗ. ಕುಷ್ಠ. ಇವತ್ತ ಹೊತ್ತು ಮುಣಗೂದ್ರಾಗ ಊರು ಬಿಡಿಸಬೇಕಂತ ಬರದಾರ."

ಹೀಗೆ ನರಸಣ್ಣ ತನ್ನ ಹೆಂಡತಿಯನ್ನು ಹೊರಗೆ ಹಾಕುವ ಅಪ್ಪಣೆಯನ್ನು ತಾನೇ ತಲೆಯ ಮೇಲೆ ಹೊತ್ತು ತಂದಿದ್ದ.

ಊರು ಹೇಳಿದ್ದಕ್ಕೆ ಕೇರಿಯೂ ತಲೆಯಾಡಿಸಿತು. ಇದನ್ನು ಬರೆಯಲು ನನಗೆ ನೋವಾಗುತ್ತದೆ, ಆದರೂ ಬರೆಯಬೇಕು. ಯಾರಿಂದ ದೂರ ಇಡಿಸಿಕೊಂಡಿದ್ದೆವೋ ಅವರ ಮಾತನ್ನು ನಂಬಿ ನಾವೂ ಒಬ್ಬಳನ್ನು ದೂರ ಇಟ್ಟೆವು. ಹಳ್ಳದ ದಂಡೆಯಲ್ಲಿ ನಾಲ್ಕು ಕೋಲು ನೆಟ್ಟು ಸಜ್ಜೆಯ ದಂಟು ಹೊದಿಸಿದರು. ಸಂತೆಕಲ್ಲೂರಿಗೆ ಕೊಟ್ಟ ಗಾಳೆಮ್ಮನ ಮಗಳನ್ನು ಅವಳ ಅತ್ತೆ ಮನೆಯವರು ತವರಿಗೆ ಕಳಿಸುವುದನ್ನು ನಿಲ್ಲಿಸಿದರು. ಅವಳನ್ನು ಹತ್ತಿಸಬೇಡಿರೆಂದು ಬಸ್ಸಿನವರಿಗೆ ಪಟೇಲನ ಆಳು ಹೋಗಿ ಹೇಳಿ ಬಂದ.

ನರಸಣ್ಣ ಮಾತ್ರ ದಿನಾ ಹೋಗುತ್ತಿದ್ದ. ರೊಟ್ಟಿ ಒಯ್ದು ಅಲ್ಲಿಯೇ ಕೂತು ಅವಳ ಗಂಗಾಳದಲ್ಲಿಯೇ ಉಣ್ಣುತ್ತಿದ್ದ. ಕೇರಿಯ ಹಿರಿಯರು ಬೈದಾಗ, "ಇಪ್ಪತ್ತೈದು ವರ್ಷ ಒಂದ ಗಂಗಾಳದಾಗ ಉಂಡೀವಿ. ಹತ್ತೂದಿದ್ರ ಯಾವಾಗೋ ಹತ್ತೇತಿ ಬಿಡ್ರಿ," ಎಂದಿದ್ದ.

*

ಗಾಳೆಮ್ಮ ತೊಗಲಿನ ಕೆಲಸದವಳು. ಹುಟ್ಟಿದ ಮನೆಯಲ್ಲೂ ಅದೇ, ಕೊಟ್ಟ ಮನೆಯಲ್ಲೂ ಅದೇ. ಗಂಡಸರು ಸತ್ತ ದನ ಎಳೆದು ತಂದು ಸುಲಿಯುತ್ತಿದ್ದರು. ಸುಣ್ಣದ ಗುಂಡಿಯಿಂದ ತೆಗೆದ ತೊಗಲಿನ ಕೂದಲು ಹೆರೆಯುವುದು, ತೊಗಲಿಗೆ ಹದ ಕೊಡುವ ತಂಗಡಿ ಗಿಡದ ತೊಗಟೆ ಒಣಗಿಸಿ ಒನಕೆಯಿಂದ ಕುಟ್ಟಿ ಜರಡಿ ಹಿಡಿಯುವುದು, ಒಣಗಿದ ತೊಗಲಿನ ಒಳಮೈಯನ್ನು ಇಟ್ಟಂಗಿ ಚೂರಿನಿಂದ ತಿಕ್ಕಿ ನುಣುಪು ಮಾಡುವುದು ಹೆಂಗಸರ ಪಾಲು. ತೊಗಟೆಯ ದೂಳು ಕೆಂಪು. ತೊಗಲಿನ ದೂಳು ಹಳದಿ. ಸಂಜೆ ಮೂಗು ಸೀನಿದರೆ ಎರಡೂ ಬಣ್ಣ ಬರುತ್ತಿತ್ತು.

ಗುಂಡಿಯ ತೊಗಲು ಹದಕ್ಕೆ ಬಂತೋ ಇಲ್ಲವೋ ಎಂದು ಹೇಳುವುದು ಗಾಳೆಮ್ಮನ ಮೂಗು. ಅವಳು ಬಗ್ಗಿ ಒಮ್ಮೆ ಮೂಸಿದರೆ ಸಾಕು. ಇನ್ನೆರಡು ದಿನ ಎನ್ನುವಳು, ಇಲ್ಲವೆ ಈಗಲೇ ಎತ್ತಿ ಎನ್ನುವಳು. ಹಿಂದಿನ ವರ್ಷ ಆ ಮೂಗು ಕೆಟ್ಟಿತು. ಯಾವ ವಾಸನೆಯೂ ಬರದಾಯಿತು. ಹೇಳಿಕೊಳ್ಳಲು ನಾಚಿಕೆಯಾಗಿ ಸುಮ್ಮನಿದ್ದಳು. ಅಂದಾಜಿನ ಮೇಲೆ ಎತ್ತಿಸಿದ ಒಂದು ಗುಂಡಿಯ ತೊಗಲು ಒಳಗೇ ಕೊಳೆತಿತ್ತು. ಅದರಿಂದ ಹೊಲಿದದ್ದು ಅಮರಗುಂಡಪ್ಪನ ಬಾವಿಯಿಂದ ನೀರೆತ್ತುವ ತೊಗಲಿನ ಚೀಲ. ಮೂರನೇ ದಿನ ಅದರ ತಳ ಹರಿಯಿತು. ಪಟೇಲ ನರಸಣ್ಣನನ್ನು ಬಾವಿಯ ಕಟ್ಟೆಯ ಮೇಲೆ ಬಿಸಿಲಿನಲ್ಲಿ ಇಡೀ ದಿನ ನಿಲ್ಲಿಸಿದ. ಗಾಳೆಮ್ಮ ಆಗಲೂ ಬಾಯಿ ಬಿಡಲಿಲ್ಲ. ಅದು ಅವಳ ತಪ್ಪೆಂದು ಆಮೇಲೆ ಅವಳೇ ಹೇಳುತ್ತಿದ್ದಳು. ಮೂಗು ಸತ್ತ ದಿನವೇ ಹೇಳಬೇಕಿತ್ತು.

ಆಮೇಲೆ ರಕ್ತ ಬಂತು. ಆಮೇಲೆ ಮೇಲಿನ ಹಲ್ಲು ಅಲುಗಿದವು. ಮೂಗುತಿ ಮಾಂಸದೊಳಗೆ ಹೂತುಹೋಗಿ ಅದನ್ನು ಕತ್ತರಿಸಿ ತೆಗೆಯಬೇಕಾಯಿತು.

ಹಳ್ಳದ ಗುಡಿಸಲಿನಲ್ಲಿ ಅವಳಿಗೆ ಕೆಲಸವಿರಲಿಲ್ಲ. ಹುಟ್ಟಿದಾಗಿನಿಂದ ಕೆಲಸವಿಲ್ಲದೆ ಕೂತವಳಲ್ಲ. ಹದಿನೈದನೆಯ ದಿನ ನರಸಣ್ಣನಿಗೆ, "ನಿನ್ನ ಆರಿ ಕೊಟ್ಟು ಹೋಗು," ಎಂದಳು. ಆರಿ ಎಂದರೆ ತೊಗಲಿಗೆ ತೂತಿಡುವ ಚೂಪು ಮೊಳೆ.

ಅವನು ಹೆದರಿದ. "ಎದಕ್ಕ? ಏನರ ಮಾಡ್ಕೋತೀಯೇನು?"

"ಸಾಯೂದಿದ್ರ ಹಳ್ಳ ಐತಲ್ಲ. ಆರಿ ಯಾಕ ಬೇಕು? ಕೊಡು."

ಆರಿ ಕೈಗೆ ಬಂದ ಮೇಲೆ ಅವಳು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಂಡಳು. ದೊಡ್ಡ ರೋಗದವರನ್ನು ಅವಳು ನೋಡಿದ್ದಳು. ಅವರಿಗೆ ಬೆರಳು ಸಾಯುತ್ತವೆ, ಅಂಗಾಲು ಸಾಯುತ್ತದೆ, ಕಿವಿಯ ಹಾಲೆ ದಪ್ಪವಾಗುತ್ತದೆ. ಅವಳು ಹತ್ತು ಬೆರಳನ್ನೂ ಚುಚ್ಚಿಕೊಂಡಳು. ನೋವಾಯಿತು. ಅಂಗಾಲು, ಮೊಣಕೈ, ಕಿವಿ, ಹಣೆ, ಎಡಗೆನ್ನೆ. ಎಲ್ಲ ಕಡೆ ನೋವಾಯಿತು. ಪ್ರತಿ ನೋವಿಗೂ ಅವಳಿಗೆ ಜೀವ ಬಂದಂತಾಯಿತು.

ಇನ್ನು ಬಲಗೆನ್ನೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ದೊಡ್ಡ ತೊಗಲನ್ನು ಕತ್ತರಿಸುವ ಮುಂಚೆ ಬೆಳಕಿಗೆ ಹರಡುತ್ತಾರೆ. ಆರಿಯ ಮೊನೆಯಿಂದ ಬೆರಳಗಲಕ್ಕೊಂದರಂತೆ ಒತ್ತುತ್ತ ಹೋಗುತ್ತಾರೆ. ಕೊಳೆತ ಜಾಗ ಮೊನೆಯನ್ನು ಸುಮ್ಮನೆ ಒಳಗೆ ಬಿಟ್ಟುಕೊಳ್ಳುತ್ತದೆ. ಅಲ್ಲಲ್ಲಿ ಚುಕ್ಕಿ ಇಟ್ಟು, ಚುಕ್ಕಿಗಳನ್ನು ಕೆಮ್ಮಣ್ಣಿನ ಗೀಟಿನಿಂದ ಕೂಡಿಸುತ್ತಾರೆ. ಗೀಟಿನ ಒಳಗಿನದು ಕೆಟ್ಟದ್ದು, ಹೊರಗಿನದು ಒಳ್ಳೆಯದು. ಗೀಟು ನೋಡಿದರೆ ಕೊಳೆತ ಎಲ್ಲಿಂದ ಬಂತೆಂದು ತಿಳಿದವರು ಹೇಳುತ್ತಾರೆ.

ಗಾಳೆಮ್ಮ ಕಂಚಿನ ಗಂಗಾಳದಲ್ಲಿ ನೀರು ತುಂಬಿ ಮುಖ ನೋಡಿಕೊಳ್ಳುತ್ತ ಬೆರಳಗಲಕ್ಕೊಂದರಂತೆ ಚುಚ್ಚಿಕೊಂಡಳು. ಸತ್ತ ಕಡೆ ಕೆಮ್ಮಣ್ಣು ಹಚ್ಚಿದಳು. ಅರ್ಧ ದಿನ ಹಿಡಿಯಿತು. ಮರುದಿನ ಮುಖ ತೊಳೆದು ಮತ್ತೆ ಮಾಡಿದಳು. ಅದೇ ಗೀಟು ಬಂತು. ಮೂರನೆಯ ದಿನವೂ ಅದೇ.

ಬಲಗಣ್ಣಿನ ಕೆಳರೆಪ್ಪೆಯಿಂದ ಶುರು. ಮೂಗಿನ ಬಲ ಮಗ್ಗುಲು ಹಿಡಿದು ಕೆಳಕ್ಕೆ. ಮೇಲ್ದುಟಿಯ ಸರಿ ನಡುವಿಗೆ ನಿಂತಿತ್ತು. ನಡುವಿನಿಂದ ಆಚೆ ಕೂದಲೆಳೆಯಷ್ಟು ಹೋದರೂ ಚುರ್ ಎಂದು ನೋವು. ಬಾಯೊಳಗೆ ಬಲಗಡೆಯ ಮೇಲಿನ ಒಸಡು ಸತ್ತಿತ್ತು. ನಾಲಗೆಯಿಂದ ಮುಟ್ಟಿದರೆ ಅಂಗುಳದ ಬಲಭಾಗ ನೆನೆದ ತೊಗಲಿನಂತೆ ಮೆತ್ತಗೆ ಕೆಳಗೆ ಇಳಿದಿತ್ತು.

ನರಸಣ್ಣ ಬಂದಾಗ ಅವಳು ಮುಖ ತೋರಿಸಿದಳು.

"ಇದನ್ನ ತೊಗಲಂತ ತಿಳ್ಕೊಂಡು ನೋಡು. ಏನನಸ್ತೈತಿ?"

ಅವನು ಬಹಳ ಹೊತ್ತು ನೋಡಿದ. ಗದ್ದ ಹಿಡಿದು ಬೆಳಕಿಗೆ ತಿರುಗಿಸಿದ.

"ಇದು ಮ್ಯಾಲಿಂದ ಬಂದದ್ದಲ್ಲ, ಗಾಳೆಮ್ಮ. ಒಳಗಿಂದ ಒತ್ತಾಕತ್ತೈತಿ."

"ಹೌದಿಲ್ಲೊ? ರೋಗ ತೊಗಲಿಂದಲ್ಲ. ಎಲುಬಿನ ಹಿಂದ ಏನೋ ಕುಂತೈತಿ. ನಾಳೆ ಲಿಂಗಸುಗೂರಿಗೆ ಹೋಗೂನು ನಡಿ."

"ಬಸ್ಸಿನವರು ಹತ್ತಸಂಗಿಲ್ಲಲ್ಲ."

"ಕಾಲು ಸತ್ತಿಲ್ಲಲ್ಲ ನನ್ನವು."

*

ಎರಡು ದಿನ ನಡೆದರು. ಮೂರನೆಯ ದಿನ ಮುಂಜಾನೆ ದವಾಖಾನೆಯ ಮುಂದಿನ ಹುಣಸೆ ಮರದ ಕೆಳಗೆ ಕೂತು ಗಾಳೆಮ್ಮ ಮತ್ತೊಮ್ಮೆ ಗೀಟು ತಿದ್ದಿಕೊಂಡಳು. ನರಸಣ್ಣ ಗಂಗಾಳ ಹಿಡಿದ. ಅವನ ಕೈ ನಡುಗಿ ನೀರು ಅಲುಗುತ್ತಿತ್ತು.

"ನೆಟ್ಟಗ ಹಿಡಿಯೋ. ನೀ ನಡಗಿದ್ರ ನನ್ನ ಮುಖ ನಾಕು ಕಾಣ್ತೈತಿ. ಒಂದ ಸಾಕಾಗೇತಿ."

ಆಮೇಲೆ ಎದ್ದಳು. ನೆಟ್ಟಗೆ ಹೋಗಿ ಮೆಟ್ಟಿಲು ಹತ್ತಿದಳು. ಒಂದು. ಎರಡು. ಮೂರು. ಪಡಸಾಲೆಯ ಮೇಲೆ ಕೂತಿದ್ದ ಜನ ಕಾಲು ಎಳೆದುಕೊಂಡರು. ಅವಳು ಡಾಕ್ಟರ ಕೋಣೆಯ ಹೊಸ್ತಿಲು ದಾಟಿ ಒಳಗೆ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

"ಏಯ್! ಇಳಿ ಕೆಳಗ!" ಜಂಬಣ್ಣ ಓಡಿ ಬಂದ.

"ಇಳಿಯಂಗಿಲ್ರಿ."

"ಹುಚ್ಚು ಹಿಡದದೇನು ನಿನಗ?"

"ಹೋದ ಸಲ ದೊಡ್ಡ ರೋಗ ಅಂದ್ರಿ. ಈಗ ಹುಚ್ಚು ಅಂತೀರಿ. ಯಾವುದರ ಒಂದು ಖರೆ ಹೇಳ್ರಿ."

ಹೊರಗೆ ಯಾರೋ ನಕ್ಕರು. ಜಂಬಣ್ಣನ ಮುಖ ಕೆಂಪಾಯಿತು. ಮೂಲೆಯಲ್ಲಿದ್ದ ಕೋಲು ತಂದು ಅವಳ ಹೆಗಲಿಗೆ ಒತ್ತಿ ನೂಕಿದ. "ನಿಮ್ಮನ್ನ ಮುಟ್ಟಿಸ್ಕೋಬೇಕಂತ ಕಾಯ್ದೆ ಬಂದದಂತ ಕೇಳಿ ಹಾರ್ಯಾಡಾಕತ್ತೀರಲ್ಲ? ಕಾಯ್ದೆ ದಿಲ್ಲಿಯಾಗ ಅದ. ಇದು ಲಿಂಗಸುಗೂರು."

ಗಾಳೆಮ್ಮ ಕೋಲಿನ ತುದಿಯನ್ನು ಹಿಡಿದುಕೊಂಡಳು. ಸೂಜಿ ಇದ್ದ ತುದಿ. ಅದನ್ನು ತನ್ನ ಅಂಗೈಗೆ ತಾನೇ ಒತ್ತಿಕೊಂಡಳು.

"ಇಲ್ಲಿ ನೋವಾತು."

ಇನ್ನೊಂದು ಅಂಗೈಗೆ. "ಇಲ್ಲೂ ನೋವಾತು." ಕಿವಿಗೆ. "ನೋವಾತು." ಎಡಗೆನ್ನೆಗೆ. "ನೋವಾತು. ನೋಡ್ರಿ ಸಾಹೇಬ್ರ. ಗೀಟಿನ ಒಳಗಷ್ಟ ಇಲ್ಲ. ಗೀಟಿನ ಹೊರಗ ಎಲ್ಲಾ ಐತಿ."

ಅವಳನ್ನು ಹೊರಗೆ ಹಾಕಿಸಲೆಂದು ಎದ್ದಿದ್ದ ಡಾಕ್ಟರು ಅರ್ಧ ದಾರಿಯಲ್ಲಿ ನಿಂತರು. ಅವರ ಕಣ್ಣು ಆ ಗೀಟಿನ ಮೇಲೆ ಬಿತ್ತು. ಕಣ್ಣಿನ ಕೆಳಗೆ ಎಲುಬಿನಲ್ಲಿ ಒಂದು ಸಣ್ಣ ತೂತಿದೆ. ಅದರಿಂದ ಒಂದು ನರ ಹೊರಗೆ ಬಂದು ಕೆನ್ನೆ, ಮೂಗಿನ ಮಗ್ಗುಲು, ಮೇಲ್ದುಟಿಗೆ ಹರಡುತ್ತದೆ. ಕಾಲೇಜಿನಲ್ಲಿ ಆ ನರದ ಚಿತ್ರ ಬರೆದು ಅವರು ಪಾಸಾಗಿದ್ದರು. ಆ ಚಿತ್ರ ಈಗ ಒಬ್ಬ ಹೆಂಗಸಿನ ಮುಖದ ಮೇಲೆ ಕೆಮ್ಮಣ್ಣಿನಲ್ಲಿ ಇತ್ತು. ಸರಿ ನಡುವಿಗೆ ನಿಂತಿತ್ತು.

ಅವರಿಗೆ ತಿಳಿಯಿತು. ತಿಳಿದ ಮೇಲೂ ಒಂದು ಹೆಜ್ಜೆ ಹಿಂದಕ್ಕೇ ಇಟ್ಟರು.

"ಹೈದರಾಬಾದಿಗೆ ಬರದು ಕೊಡ್ತೀನಿ. ಅಲ್ಲಿ ಹೋಗು," ಎಂದರು.

"ಬಾಯಿ ನೋಡ್ರಿ."

"ಬೇಕಿಲ್ಲ."

"ನೋಡದ ಏನು ಬರೀತೀರಿ? ಹೋದ ಸಲಾನೂ ನೋಡದನ ಬರದ್ರಿ. ಇಪ್ಪತ್ತು ದಿನ ಹಳ್ಳದಾಗ ಇದ್ದೀನಿ. ನಿಮ್ಮ ಬೆರಳು ನನ್ನ ಬಾಯಾಗ ಬರೂತನಕ ನಾ ಏಳಂಗಿಲ್ಲ."

ಪಡಸಾಲೆಯಲ್ಲಿದ್ದವರು ಕಿಟಕಿಗೆ ಬಂದು ನಿಂತಿದ್ದರು. ಡಾಕ್ಟರು ಅವರನ್ನು ನೋಡಿದರು, ತಮ್ಮ ಕೈಯನ್ನು ನೋಡಿಕೊಂಡರು. ಗಾಳೆಮ್ಮ ಬಾಯಿ ತೆರೆದು ಕೂತಳು. ಹಾಗೇ ಕೂತಳು. ತೆರೆದ ಬಾಯಿಯಿಂದ ಜೊಲ್ಲು, ರಕ್ತ ಕೂಡಿ ಸೆರಗಿನ ಮೇಲೆ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ. ಮುಚ್ಚಲಿಲ್ಲ.

ದವಾಖಾನೆಯಲ್ಲಿ ಬಟ್ಟೆ ಒಗೆಯುವ, ಗಾಯ ತೊಳೆಯುವ ಆಯಾ ಒಬ್ಬಳಿದ್ದಳು. ಜಮೀಲಾಬೀ. ಅರವತ್ತು ದಾಟಿದವಳು. ಅವಳು ಬಚ್ಚಲಿಗೆ ಹೋಗಿ ಸಾಬೂನು ಹಾಕಿ ಕೈ ತೊಳೆದಳು. ಬಂದು ಗಾಳೆಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಬೆರಳು ಬಾಯೊಳಗೆ ಇಟ್ಟಳು.

"ಅಂಗುಳ ಇಳದೈತಿ ಡಾಕ್ಟರ್ ಸಾಬ್. ಮೆತ್ತಗ ಐತಿ. ಮೂರು ಹಲ್ಲು ಅಳ್ಳಾಡತಾವ."

ಆಮೇಲೆ ತನ್ನ ಸೆರಗಿನಿಂದಲೇ ಗಾಳೆಮ್ಮನ ಗದ್ದ ಒರೆಸಿದಳು.

"ಜಮೀಲಾ, ಹೋಗಿ ಕೈ ತೊಳಕೋ," ಎಂದ ಜಂಬಣ್ಣ.

"ಮುಟ್ಟೂಕ ಮುಂಚೇನ ತೊಳದೀನಿ ಭಾಯಿ. ಬೇನಿದಾಕಿಗೆ ನನ್ನ ಹೊಲಸು ಹತ್ತಬಾರದಂತ."

ಡಾಕ್ಟರು ಕೈಗವಸು ಹಾಕಿಕೊಂಡರು. ರಬ್ಬರಿನ ಕೈಗವಸು. ನಂತರ ಅವರೂ ಬಗ್ಗಿದರು. ಬೆರಳು ಒಳಗೆ ಹೋಯಿತು. ಅಂಗುಳ ಒತ್ತಿದರು. ಹೊರಗಿನಿಂದ ಕೆನ್ನೆ ಒತ್ತಿದರು. ಕನ್ನಡಿಯಿಂದ ಬೆಳಕು ಬಿಟ್ಟು ಮೂಗಿನೊಳಗೆ ನೋಡಿದರು. ಇಪ್ಪತ್ತು ದಿನದ ಹಿಂದೆ ಮಾಡಬೇಕಿದ್ದ ಕೆಲಸ ಐದು ನಿಮಿಷದಲ್ಲಿ ಮುಗಿಯಿತು.

"ಮೂಗಿನ ಮಗ್ಗುಲಿಗೆ ಕೆನ್ನಿ ಎಲುಬಿನೊಳಗ ಒಂದು ಗೂಡು ಇರ್ತದ. ಅದರೊಳಗ ಗಡ್ಡಿ ಬೆಳದದ. ಕ್ಯಾನ್ಸರ್ ಅಂತಾರ. ಬಾಳ ಅಪರೂಪ. ನಾ ಇಷ್ಟು ವರ್ಷದಾಗ ನೋಡಿಲ್ಲ." ಅವರ ದನಿ ತಗ್ಗಿತ್ತು. "ಕೊಯ್ದು ತೆಗೀಬೇಕು. ಜಲ್ದಿ."

"ಮುಟ್ಟಿದರ ಇನ್ನೊಬ್ಬರಿಗೆ ಹತ್ತತದೇನ್ರಿ?"

"ಇಲ್ಲ."

"ಹಂಗಾರ ಅದನ್ನ ಬರೀರಿ."

"ಹೈದರಾಬಾದಿಗೆ ಎಲ್ಲಾ ಬರೀತೀನಿ."

"ಹೈದರಾಬಾದಿನವರು ನನ್ನ ಹೊರಗ ಹಾಕಿಲ್ರಿ. ಮಸ್ಕಿಗೆ ಬರೀರಿ. ನನ್ನ ಮನಿ ಮಸ್ಕಿಯಾಗ ಐತಿ."

"ನನ್ನ ತಪ್ಪಾತು ಅಂತ ಬರೀಬೇಕೇನು?" ಅವರಿಗೆ ಸಿಟ್ಟು ಬಂತು.

"ತಪ್ಪು ಅಂತ ಬರೀಬ್ಯಾಡ್ರಿ. ದೊಡ್ಡ ರೋಗ ಅಲ್ಲ, ಯಾರಿಗೂ ಹತ್ತಂಗಿಲ್ಲ ಅಂತ ಬರೀರಿ. ಖರೇದ್ದಷ್ಟ ಸಾಕು."

ಡಾಕ್ಟರು ಎರಡು ಕಾಗದ ಬರೆದರು. ಗಾಳೆಮ್ಮ ಎರಡನೆಯದನ್ನು ತೆಗೆದುಕೊಂಡು ಪಡಸಾಲೆಯಲ್ಲಿ ಕನ್ನಡಕ ಹಾಕಿ ಕೂತಿದ್ದ ಒಬ್ಬ ಮುದುಕನ ಮುಂದೆ ಹಿಡಿದಳು. "ಯಪ್ಪಾ, ಜೋರಾಗಿ ಓದ್ರಿ. ಒಂದ ಸಲ ಓದಿಸದ ಒಯ್ದು ಕೆಟ್ಟೀವಿ." ಮುದುಕ ಕಾಗದ ಮುಟ್ಟಲಿಲ್ಲ, ಆದರೆ ಕತ್ತು ಚಾಚಿ ಅಕ್ಷರ ಬಿಡದೆ ಓದಿದ. ಓದಿ, "ಸರಿ ಬರದಾರ ಯವ್ವಾ. ಹೋಗಿ ಬಾ," ಎಂದ. ಆ 'ಯವ್ವಾ' ಎಂಬ ಮಾತನ್ನು ಗಾಳೆಮ್ಮ ಸಾಯುವತನಕ ನೆನೆಯುತ್ತಿದ್ದಳು.

*

ಅಮರಗುಂಡಪ್ಪ ಹೊಸ ಕಾಗದ ಓದಿ, "ಡಾಕ್ಟ್ರು ಒಮ್ಮೆ ಹಂಗ ಬರೀತಾರ, ಒಮ್ಮೆ ಹಿಂಗ ಬರೀತಾರ. ನಾ ಯಾವುದನ್ನ ನಂಬಲಿ?" ಎಂದ.

"ಹೋದ ಸಲ ನಂಬಿದಂಗ ನಂಬ್ರಿ," ಎಂದಳು ಗಾಳೆಮ್ಮ.

ಅವಳು ಕೇರಿಗೆ ಹೋಗಿ ತನ್ನ ಮನೆಯ ಬಾಗಿಲು ತೆಗೆದಳು. ಯಾರೂ ತಡೆಯಲಿಲ್ಲ. ಯಾರೂ ಮಾತಾಡಿಸಲೂ ಇಲ್ಲ. ಪಕ್ಕದ ಮನೆಯ ಕರೆಮ್ಮ ಮಾತ್ರ ಒಂದು ಕೊಡ ನೀರು ತಂದು ಒಳಗಿಟ್ಟು ತಲೆ ತಗ್ಗಿಸಿ ನಿಂತಳು. ಕರೆಮ್ಮ ಮೊದಲಿನಿಂದಲೂ ಗಾಳೆಮ್ಮನ ಜೊತೆ ತೊಗಟೆ ಕುಟ್ಟಿದವಳು.

"ಬೈ ಅಕ್ಕಾ," ಎಂದಳು ಕರೆಮ್ಮ.

"ಬೈಯಾಕ ಬಾಯಿ ಬ್ಯಾನಿ ಆಗೇತಿ. ಆರಾಮಾಗಿ ಬಂದು ಬೈತೀನಿ."

ರಾಯಚೂರಿನಲ್ಲಿ ಹೈದರಾಬಾದಿನ ರೈಲು ಹಿಡಿಯಲು ಅವರು ಸಿಂಧನೂರಿನವರೆಗೆ ನಡೆದು ಅಲ್ಲಿ ಬಸ್ಸು ಹತ್ತಬೇಕಿತ್ತು; ಮಸ್ಕಿಯ ಬಸ್ಸಿನವರು ಇನ್ನೂ ಹತ್ತಿಸುತ್ತಿರಲಿಲ್ಲ. ಸಿಂಧನೂರಿನಲ್ಲಿ ಕಾಲುವೆ ಅಗೆಯುವ ಕೂಲಿಗಳಿಂದ ಬಸ್ಸು ತುಂಬಿತ್ತು. ಕಂಡಕ್ಟರ್ ಅವಳ ಮುಖ ನೋಡಿ ಬಾಗಿಲಿಗೆ ಕೈ ಅಡ್ಡ ಇಟ್ಟ. ನರಸಣ್ಣ ಕಾಗದ ತೋರಿಸಿದ. ಕಂಡಕ್ಟರ್ ನೋಡಲಿಲ್ಲ. ಬಸ್ಸು ನಡೆಸುವ ಗೌಸ್‌ಸಾಬ್ ತಿರುಗಿ ನೋಡಿ, ಕಾಗದ ಇಸಿದುಕೊಂಡು ಓದಿದ. ಎಂಜಿನ್ ಬಂದ್ ಮಾಡಿದ.

"ಯಾಕ, ಏನಾತು?" ಎಂದ ಕಂಡಕ್ಟರ್.

"ಗಾಡಿಗೂ ದೊಡ್ಡ ರೋಗ ಬಂದೈತಿ. ಆಕಿ ಹತ್ತೂತನಕ ಚಾಲೂ ಆಗಂಗಿಲ್ಲ."

ಕೂಲಿಗಳು ಗೊಣಗಿದರು. ಗೌಸ್‌ಸಾಬ್ ಬೀಡಿ ಹಚ್ಚಿದ. ಅರ್ಧ ಬೀಡಿ ಉರಿಯುವಷ್ಟರಲ್ಲಿ ಕಂಡಕ್ಟರನ ಕೈ ಕೆಳಗಿಳಿಯಿತು.

ಹೈದರಾಬಾದಿನ ದೊಡ್ಡ ದವಾಖಾನೆಯಲ್ಲಿ ಮೂಗಿನೊಳಗಿಂದ ಗಡ್ಡೆಯ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕ್ಯಾನ್ಸರೇ. ಕೊಯ್ಯುವ ಸರ್ಜನ್ ಉರ್ದುವಿನಲ್ಲಿ ಮಾತಾಡುವವರು. ಗಾಳೆಮ್ಮ ಅವರ ಮುಂದೆಯೂ ಗೀಟು ಹಾಕಿಕೊಂಡು ಹೋಗಿದ್ದಳು. ಅವರು ನಕ್ಕು, ಆಮೇಲೆ ನಗು ನಿಲ್ಲಿಸಿ, ಈ ಗೀಟು ಹಾಕಿದವರು ಯಾರು ಎಂದು ಕೇಳಿದರು. ನರಸಣ್ಣ ಹೆಂಡತಿಯ ಕಡೆ ಕೈ ತೋರಿದ. ಅವರು ಹುಡುಗ ಡಾಕ್ಟರರನ್ನು ಕರೆದು ಗೀಟು ತೋರಿಸಿದರು. ಏನು ಕೆಲಸ ಮಾಡುತ್ತೀ ಎಂದು ಅಲ್ಲಿಯೂ ಯಾರೂ ಕೇಳಲಿಲ್ಲ. ತೊಗಲಿನ ದೂಳು ವರ್ಷಗಟ್ಟಲೆ ಮೂಗಿಗೆ ಹೋದರೆ ಇಂಥ ಗಡ್ಡೆ ಬರಬಹುದೆಂಬ ಮಾತು ಯಾರ ಕಾಗದದಲ್ಲೂ ಬರಲಿಲ್ಲ.

ಒಪ್ಪಿಗೆಯ ಹಾಳೆಗೆ ಗಂಡನ ಹೆಬ್ಬೆಟ್ಟು ಕೇಳಿದರು. ಗಾಳೆಮ್ಮ ಮಸಿಗೆ ತನ್ನ ಹೆಬ್ಬೆಟ್ಟು ಅದ್ದಿದಳು. "ಮುಖ ನಂದು. ಮೊದಲು ನಂದು ಬೀಳಲಿ. ಆಮ್ಯಾಲೆ ಅವನದು."

ಮೂಗಿನ ಮಗ್ಗುಲು ಹಿಡಿದು ಕೊಯ್ದರು. ಮೇಲ್ದುಟಿಯನ್ನು ನಡುವೆ ಸೀಳಿದರು. ಕೆನ್ನೆಯ ತೊಗಲನ್ನು ಎಲುಬಿನಿಂದ ಬಿಡಿಸಿ ಕಿವಿಯ ಕಡೆ ಮಡಚಿದರು. ಬಲಗಡೆಯ ಮೇಲ್ದವಡೆಯನ್ನು, ಹಲ್ಲು ಸಮೇತ, ಅರ್ಧ ಅಂಗುಳ ಸಮೇತ, ಕೊರೆದು ತೆಗೆದರು. ಗಡ್ಡೆ ಕಣ್ಣಿನ ಕೆಳಗಿನ ತೆಳು ಎಲುಬನ್ನು ಮುಟ್ಟಿತ್ತು, ದಾಟಿರಲಿಲ್ಲ. ಕಣ್ಣು ಉಳಿಯಿತು. ಇನ್ನೆರಡು ತಿಂಗಳು ಹಳ್ಳದಲ್ಲಿ ಕೂತಿದ್ದರೆ ಕಣ್ಣು ಉಳಿಯುತ್ತಿರಲಿಲ್ಲ ಎಂದರು. ಅದರ ಮೇಲೆರಡು ತಿಂಗಳಾಗಿದ್ದರೆ ಏನೆಂದು ಹೇಳಲಿಲ್ಲ.

ಖಾಲಿ ಜಾಗಕ್ಕೆ ಬಟ್ಟೆ ತುರುಕಿದರು. ಗಡ್ಡೆ ಮತ್ತೆ ಬರದಿರಲೆಂದು ಆರು ವಾರ ಕರೆಂಟು, ಅಂದರೆ ವಿಕಿರಣ, ಕೊಟ್ಟರು. ಕುಡಿದ ಅಂಬಲಿ ಮೂಗಿನಿಂದ ಬರುತ್ತಿತ್ತು. ಮಾತು ಬರೀ ಗಾಳಿಯಾಗುತ್ತಿತ್ತು. ಕೊನೆಗೆ ಅಂಗುಳದ ತೂತು ಮುಚ್ಚಲು ಹಲ್ಲಿನ ಸೆಟ್ಟಿನಂಥ ಒಂದು ಮುಚ್ಚಳ ಮಾಡಿ ಕೊಟ್ಟರು. ಅದನ್ನು ಹಾಕಿಕೊಂಡು ಅವಳು ಮೊದಲು ಹೇಳಿದ ಮಾತು, "ಊಟ ಆತೇನು?" ನರಸಣ್ಣ ವಾರ್ಡಿನ ಹೊರಗೆ ಹೋಗಿ ಅತ್ತ.

*

೧೯೫೬ರ ನವೆಂಬರಿನಲ್ಲಿ ಹೈದರಾಬಾದ್ ರಾಜ್ಯ ಹೋಗಿ ನಾವು ಮೈಸೂರಿನ ಕಡೆಯವರಾದೆವು. ಮರುತಿಂಗಳು ಜಂಬಣ್ಣ ಮಸ್ಕಿಗೆ ಬಂದ. ಕೇರಿಯೊಳಗೆ ಬಂದ. ಅಂಗಳದಲ್ಲಿ ನಿಂತು, "ಗಾಳೆಮ್ಮಾ, ಆರಾಮಿದ್ದೀಯೇನವಾ?" ಎಂದ.

ಹೊಸ ಸರಕಾರದ ಅಧಿಕಾರಿ ದವಾಖಾನೆ ನೋಡಲು ಬರುವವರಿದ್ದರು. ನೋಡಿ ಮೆಚ್ಚಿದರೆ ವರ್ಷವರ್ಷ ಸಹಾಯಧನ. ಡಾಕ್ಟರು ಗಾಳೆಮ್ಮನನ್ನು ಕರೆತರಲು ಹೇಳಿದ್ದರು.

"ನಾ ಬರ್ತೀನಿ," ಎಂದಳು ಗಾಳೆಮ್ಮ. "ಕರೆಮ್ಮನ್ನೂ ಕರಕೊಂಡು ಬರ್ತೀನಿ."

ಕರೆಮ್ಮನ ಎಡ ಮೂಗಿನಿಂದ ಎರಡು ತಿಂಗಳಿಂದ ರಕ್ತ ಬರುತ್ತಿತ್ತು. ಎರಡು ಸಲ ಲಿಂಗಸುಗೂರಿಗೆ ಹೋಗಿದ್ದಳು. ಎರಡು ಸಲವೂ ಮೆಟ್ಟಿಲ ಕೆಳಗಿನಿಂದಲೇ ಗುಳಿಗೆ ಕೊಟ್ಟು ಕಳಿಸಿದ್ದರು.

ಆ ದಿನವೂ ಜಂಬಣ್ಣ ಕರೆಮ್ಮನನ್ನು ಹುಣಸೆ ಮರದ ಕೆಳಗೆ ಕೂರಿಸಿದ. ಗಾಳೆಮ್ಮನನ್ನು ಒಳಗೆ ಕರೆದ. ಅವಳಿಗೆ ಕುರ್ಚಿ ಹಾಕಿದ್ದರು. ಎದುರಿಗೆ ಅಧಿಕಾರಿ, ದವಾಖಾನೆಯ ವ್ಯಾಪಾರಿಗಳು ನಾಲ್ವರು. ಮೂಲೆಯಲ್ಲಿ ಜಮೀಲಾಬೀ.

ಡಾಕ್ಟರು ಎದ್ದು ನಿಂತು ಹೇಳಿದರು. ಮೂಗಿನ ಮಗ್ಗುಲ ಗೂಡಿನ ಕ್ಯಾನ್ಸರು ಎಷ್ಟು ಅಪರೂಪ ಎಂದು ಹೇಳಿದರು. ಪಟ್ಟಣದಲ್ಲೂ ಇದನ್ನು ತಡವಾಗಿ ಹಿಡಿಯುತ್ತಾರೆ, ಈ ಸಣ್ಣ ಊರಿನಲ್ಲಿ, ಈ ಸಣ್ಣ ದವಾಖಾನೆಯಲ್ಲಿ, ಬರೀ ಮುಖದ ಸ್ಪರ್ಶಜ್ಞಾನ ಪರೀಕ್ಷಿಸಿ ಹಿಡಿದೆವು ಎಂದರು. ವ್ಯಾಪಾರಿಗಳು ತಲೆದೂಗಿದರು. ಅಧಿಕಾರಿ ಮುಂದಕ್ಕೆ ಬಾಗಿದರು.

"ಬಾಯಿ ತೆಗಿಯವ್ವಾ," ಎಂದರು ಡಾಕ್ಟರು. "ಆ ಮುಚ್ಚಳ ತೆಗದು ಸಾಹೇಬ್ರಿಗೆ ಒಳಗ ತೋರಸು."

ಗಾಳೆಮ್ಮ ಬಾಯಿ ಮುಚ್ಚಿಕೊಂಡೇ ಕೂತಳು.

"ತೆಗಿ. ಸಾಹೇಬ್ರು ದೂರಿಂದ ಬಂದಾರ."

ಅವಳು ತುಟಿ ಬಿಗಿದಳು. ಹೊಲಿಗೆಯ ಗುರುತು ಬಿಳಿಯಾಗಿ ಎದ್ದು ಕಂಡಿತು. ಡಾಕ್ಟರು ನಗುತ್ತ ಅವಳ ಗದ್ದಕ್ಕೆ ಕೈ ಹಾಕಲು ಹೋದರು. ಈ ಸಲ ಕೈಗವಸು ಇರಲಿಲ್ಲ. ಗಾಳೆಮ್ಮ ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಮೆಲ್ಲಗೆ ಪಕ್ಕಕ್ಕೆ ಇಟ್ಟಳು.

"ನನ್ನ ಬಾಯಿ ನೋಡಿ ಆಗೇತ್ರಿ. ಹೊರಗ ಕರೆಮ್ಮ ಕುಂತಾಳ. ಎರಡು ತಿಂಗಳಾತು ಮೂಗಿನ್ಯಾಗ ರಕ್ತ. ಆಕಿ ಬಾಯಿ ನೋಡ್ರಿ."

ಅವಳ ಮಾತು ಮೂಗಿನೊಳಗಿಂದ ಬರುತ್ತಿತ್ತು. "ಏನಂತಾಳೆ?" ಎಂದರು ಅಧಿಕಾರಿ.

"ಏನಿಲ್ಲ ಸಾರ್, ನಾಚಿಕೊಳ್ತಾಳ," ಎಂದರು ಡಾಕ್ಟರು.

ಮೂಲೆಯಿಂದ ಜಮೀಲಾಬೀ ಅದೇ ಮಾತನ್ನು ಒಂದೊಂದಾಗಿ ಬಿಡಿಸಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

ಗಾಳೆಮ್ಮ ಎದ್ದು ಹೊರಗೆ ಹೋದಳು. ಕರೆಮ್ಮ ಹೆದರಿ ಮರದ ಬೇರು ಹಿಡಿದು ಕೂತಿದ್ದಳು. ಗಾಳೆಮ್ಮ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. ಮೆಟ್ಟಿಲು ಹತ್ತಿಸಿದಳು. ಪಡಸಾಲೆ ದಾಟಿಸಿದಳು. ಜಂಬಣ್ಣ ಬಾಗಿಲಲ್ಲಿ ನಿಂತಿದ್ದ. ಅಧಿಕಾರಿ ನೋಡುತ್ತಿದ್ದರು, ಅವನು ಸರಿದ. ಗಾಳೆಮ್ಮ ಕರೆಮ್ಮನನ್ನು ತಂದು ಆ ಕುರ್ಚಿಯಲ್ಲಿ ಕೂರಿಸಿದಳು.

"ಬಾಯಿ ತೆಗಿ, ಕರೆಮ್ಮ."

ಕರೆಮ್ಮ ಬಾಯಿ ತೆರೆದಳು. ಕೋಣೆಯಲ್ಲಿದ್ದವರೆಲ್ಲ ಡಾಕ್ಟರ ಕೈಯನ್ನೇ ನೋಡುತ್ತಿದ್ದರು.